ಹುಣಸೆಮರದ ಚಿಕ್ಕಮ್ಮಂದಿರು

ಎಂಬತ್ತೊಂದರ ಬೇಸಗೆ, ಹುಣಸೆ ಚಿಗುರುವ ಕಾಲ. ಬೆಳಗಿನ ಹೊತ್ತು ಮಾನ್ವಿಯ ದರ್ಜಿ ಜಹೀರುದ್ದೀನ್ ಮರದ ಕೆಳಗೆ ಮಷಿನ್ ಹಾಕುತ್ತಿದ್ದ. ಹೆಂಡತಿ ವಾಹಿದಾ ಬಂದು ಹಸಿರು ಕುಲಾಯಿ ತೊಟ್ಟ ಮಗನನ್ನು ಅವನ ತೊಡೆಯ ಮೇಲಿಟ್ಟಳು.

“ದೇವದುರ್ಗಕ್ಕ ಅವ್ವನ್ನ ನೋಡಾಕ ಹೊಂಟೀನಿ, ಸಂಜಿ ಬಸ್ಸಿಗೆ ಬರ್ತೀನಿ. ಈ ಬಿಸಲಾಗ ಕೂಸು ಬ್ಯಾಡ. ಯಾರ ಕೈಯಾಗರ ಕೊಟ್ರಿ ಅಂದ್ರ, ಇವನ್ನ ಕರ್ಕೊಂಡು ತೌರುಮನಿಗೇ ಹೋಗಿಬಿಡ್ತೀನಿ!”

ಅವಳು ಹೋದ ಮೇಲೆ ಜಹೀರುದ್ದೀನ್ ತಲೆಯೆತ್ತಿದ. ಮರದ ತುಂಬ ಕರಿಮೋರೆಯ ಮುಸುವ ಕೋತಿಗಳು, ಹಗ್ಗ ಇಳಿಬಿಟ್ಟಂತೆ ಬಾಲಗಳು. ಒಂದು ಬಾಣಂತಿ ಮುಸುವ ಎಳೆಗೂಸನ್ನು ಪಕ್ಕದವಳಿಗೆ ಕೊಟ್ಟು ಚಿಗುರು ಮೇಯಲು ಹೋಯಿತು. ಕಪ್ಪು ಕೂದಲಿನ ಆ ಕೂಸು ಮಡಿಲಿಂದ ಮಡಿಲಿಗೆ ದಾಟಿತು. ಒಬ್ಬಳು ಮೂಸಿದಳು, ಒಬ್ಬಳು ತಲೆ ನೋಡಿದಳು, ಒಬ್ಬ ಹುಡುಗಿ ಮುಸುವ ತಲೆಕೆಳಗಾಗಿ ಹಿಡಿಯಿತು. ಕೂಸು ಚೀರಿತು. ತಾಯಿ ಒಂದೇ ಜಿಗಿತಕ್ಕೆ ಬಂದು ಎದೆಗೆ ಅಪ್ಪಿಕೊಂಡಿತು.

“ಸುಬಾನಲ್ಲಾ! ಎಷ್ಟು ಮಂದಿ ಚಿಕ್ಕಮ್ಮಂದ್ರು! ನಾವರ ಯಾಕ ಒಬ್ಬರೇ ಹೊರಬೇಕು?”

ಅಷ್ಟರಲ್ಲಿ ನೆರೆಮನೆಯ ಹೀರಾಬಿ ಕೈಚಾಚಿದಳು. ಕೊಟ್ಟುಬಿಟ್ಟ.

ಮಧ್ಯಾಹ್ನ ಕೇಳಿದರೆ ಹೀರಾಬಿ ಕೈ ಖಾಲಿ. “ನಾ ರೊಟ್ಟಿ ಬಡೀಬೇಕಿತ್ತು, ಎದುರುಮನಿ ಮಾನಮ್ಮ ಒಯ್ದಾಳ.”

ಮಾನಮ್ಮ ನೀರಿನ ಕೊಡ ಹೊತ್ತಿದ್ದಳು. “ಓಣಿ ತುದೀಗಿನ ಗೋಪಮ್ಮನ ಮನ್ಯಾಗ ಮಲಗಿಸೀನ್ರಿ. ಅಪ್ಪ ಆಗಿ ಈಗ ಕೇಳ್ತೀರೇನು?”

ಗೋಪಮ್ಮನ ಮನೆಯಲ್ಲಿ ಯಾರೂ ಇಲ್ಲ. ತೊಟ್ಟಿಲಲ್ಲಿ ತಾನೇ ಹೊಲಿದ ಹಸಿರು ಕುಲಾಯಿ, ಹಣೆ ಕೆನ್ನೆ ಮುಚ್ಚುವ ಆ ಟೊಪ್ಪಿಗೆಯೊಳಗೆ ನಿದ್ದೆ ಹೋದ ಕೂಸು! ಹೋದ ಜೀವ ಬಂದಂತಾಗಿ ಎತ್ತಿಕೊಂಡವನು, ಸಂಜೆಯವರೆಗೆ ಮಷಿನ್ ಮುಟ್ಟಲಿಲ್ಲ, ಕೂಸನ್ನು ಕೆಳಗೂ ಇಡಲಿಲ್ಲ.

ಬಸ್ಸು ಬಂತು. ಎದೆ ಉಬ್ಬಿಸಿ ನಿಂತ. “ನೋಡು, ಯಾರ ಕೈಗೂ ಕೊಟ್ಟಿಲ್ಲ!”

ವಾಹಿದಾ ಇಳಿದಳು. ಅವಳ ಸೊಂಟದ ಮೇಲೆ ಹಸಿರು ಕುಲಾಯಿಯ ಅವನ ಮಗ! ಹಿಂದೆಯೇ ಓಣಿಯ ಮುದುಕಿ ಖಾಸಿಂ ಬೀ.

“ಗೋಪಮ್ಮನ ಮನ್ಯಾಗ ಒಂದೇ ಸಮ ಅಳ್ತಿತ್ತು ಯಪ್ಪಾ. ತಾಯಿ ಬೇಕಂತ ತಿಳೀತು, ಮಧ್ಯಾಹ್ನದ ಬಸ್ಸಿಗೆ ದೇವದುರ್ಗಕ್ಕ ಒಯ್ದು ಕೊಟ್ಟೆ,” ಎಂದಳು.

“ಇವ ನನ್ನ ಹತ್ರ ಇದ್ರ, ನಿಮ್ಮ ಕೈಯಾಗ ಯಾರ್ರಿ?” ವಾಹಿದಾಳ ದನಿ ಕತ್ತರಿಯಂತಿತ್ತು.

ಉತ್ತರ ಓಡಿ ಬಂತು, ಪೊರಕೆ ಹಿಡಿದು. “ನನ್ನ ಮೊಮ್ಮಗಳ್ರೀ ಸಾಬ್ರ!” ಎಂದು ಗೋಪಮ್ಮ ಕಿರುಚಿದಳು. “ನಿಮ್ಮ ಕೈಯಾಗಿಂದು ನಿಮ್ಮ ಮಗಾನೇ ಅಂದ್ಕೊಂಡು ಹೊತ್ತು ಮುಳುಗೂತನಕ ಊರೆಲ್ಲ ಹುಡುಕೀನಿ!”

“ಅದೇ ಕುಲಾಯಿ ಇತ್ತಲ್ಲ...” ಎಂದ ಜಹೀರುದ್ದೀನ್.

“ಉಳಿದ ಅರಿಬ್ಯಾಗ ಓಣಿ ಕೂಸಿಗೆಲ್ಲಾ ಹೊಲಿದವ್ರು ನೀವೇ!” ಎಂದಳು ಗೋಪಮ್ಮ.

ಹೀರಾಬಿ ಸೆರಗು ಬಾಯಿಗಿಟ್ಟು ನಕ್ಕಳು. “ಮುಸ್ಯಾಗ ಕೂಸಿನ ಗುರ್ತಿಗೆ ಕುಲಾಯಿ ಬೇಕಾಗಂಗಿಲ್ರಿ.”

ಚಿಗುರು ಮುಗಿದು ಗುರುವಾರ ಮುಸುವಗಳು ಹೋದವು, ಕೂಸು ತಾಯಿಯ ಹೊಟ್ಟೆಗೆ ಅಂಟಿಕೊಂಡಿತ್ತು. ಶುಕ್ರವಾರ ಬೆಳಗಿನ ಬಸ್ಸಿಗೆ ವಾಹಿದಾ ತೌರುಮನೆಗೆ ಹೋದಳು, ಮಗನನ್ನು ಹಾಗೆಯೇ ಅಪ್ಪಿಕೊಂಡು.