ನ್ಯಾಯಾಧೀಶರ ಗಡ್ಡ

ಭಾವನಿಗೆ ಬೆಳಿಗ್ಗೆ ಹಲ್ಲುನೋವು ಬಂದದ್ದೇ ಎಲ್ಲಕ್ಕೂ ಮೂಲ. ಕೆನ್ನೆ ಹಿಡಿದುಕೊಂಡು ದಂತವೈದ್ಯರ ಬಳಿಗೆ ಹೊರಟವನು ಕ್ಷೌರದಂಗಡಿಯನ್ನು ಭಾಮೈದನಿಗೆ ಒಪ್ಪಿಸಿದ. ಕೆಲಸ ಎಲ್ಲಿ ಕಲಿತೆ ಅಂತ ಯಾರು ಕೇಳಿದರೂ ಬಾಯಿ ಬಿಡಬೇಡ ಎಂದು ಎಚ್ಚರಿಸಿಯೂ ಹೋದ.

ಭಾಮೈದ ಕೆಲಸ ಕಲಿತದ್ದು ಜೈಲಿನಲ್ಲಿ. ಕಳ್ಳಮಾಲಿನ ವ್ಯಾನು ಓಡಿಸಿ ಸಿಕ್ಕಿಬಿದ್ದವನ ಕೈಗೆ ಅಲ್ಲಿ ಕತ್ತರಿ ಕೊಟ್ಟು ಮನುಷ್ಯನನ್ನಾಗಿ ಮಾಡಿದ್ದರು. ಹೊರಬಂದು ವಾರವಾಗಿದ್ದರೂ ಖಾಕಿ ಬಟ್ಟೆ ಕಂಡರೆ ಸಾಕು, ಅದು ಪೋಸ್ಟ್‌ಮ್ಯಾನನದೇ ಆಗಿರಲಿ, ಅವನು ಎದ್ದು ಕೈಕಟ್ಟಿ ನಿಲ್ಲುತ್ತಿದ್ದ.

ಹಿರಿಯರೊಬ್ಬರು ಬಂದು ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಕಣ್ಣು ಮುಚ್ಚಿದರು. ಕನ್ನಡಿಯಲ್ಲಿ ಆ ಮುಖ ನೋಡಿದ್ದೇ ಇವನಿಗೆ ಗುರುತು ಸಿಕ್ಕಿತು. ತನಗೆ ಶಿಕ್ಷೆ ಕೊಟ್ಟಿದ್ದ ನ್ಯಾಯಾಧೀಶರು! ಇವರ ಕತ್ತಿನಲ್ಲಿ ಒಂದು ಹನಿ ರಕ್ತ ಕಂಡರೂ ತನ್ನ ಕತೆ ಮುಗಿಯಿತು ಅಂದುಕೊಂಡ. ಆದಷ್ಟು ತಡವಾಗಲಿ ಎಂದು ನೊರೆ ಹಚ್ಚಿದ, ಮತ್ತೆ ಹಚ್ಚಿದ. ಕೊನೆಗೆ ಮುಖದಲ್ಲಿ ಮೂಗೊಂದೇ ನಡುಗಡ್ಡೆಯಂತೆ ಉಳಿಯಿತು. ಇನ್ನು ಕತ್ತಿ ಹಿಡಿಯದೆ ವಿಧಿಯಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಔಷಧಿ ಅಂಗಡಿಯವನು ಇಣುಕಿದ. ಹೊಟ್ಟೆಯಲ್ಲಿ ಮಾತು ನಿಲ್ಲದ ಆಸಾಮಿ. ಕಾಯುತ್ತಿದ್ದವರ ಕಿವಿಯಲ್ಲಿ ಅವನು ಪಿಸುಗುಟ್ಟಿದ್ದು ಎದುರುಸಾಲಿಗೂ ಕೇಳಿಸಿತು.

"ಇವನು ಜೈಲಿಂದ ಬಂದೋನು ಕಣ್ರೀ."

ಎಲ್ಲರಿಗೂ ಏನೇನೋ ಕೆಲಸ ನೆನಪಾಯಿತು. ತಲೆಗೆ ಬಣ್ಣ ಹಚ್ಚಿಸಿಕೊಂಡು ಒಣಗಲು ಕೂತಿದ್ದವನೂ ಹಾಗೇ ಬೀದಿಗಿಳಿದ.

ನ್ಯಾಯಾಧೀಶರ ಕಣ್ಣು ತೆರೆಯಿತು. ಕತ್ತಿ ಆಗ ಸರಿಯಾಗಿ ಗಂಟಲ ಮೇಲಿತ್ತು.

"ನಿಜವೇ?"

"ಹೌದು ಸ್ವಾಮಿ."

"ಯಾರಪ್ಪ ಶಿಕ್ಷೆ ಕೊಟ್ಟಿದ್ದು?"

ಸುಳ್ಳು ಹುಡುಕಿದ, ಸಿಗಲಿಲ್ಲ. "ತಾವೇ."

ಕತ್ತಿಯ ಕೆಳಗೆ ಗಂಟಲುಮಣಿ ಒಮ್ಮೆ ಮೇಲೇರಿ ಇಳಿಯಿತು.

"ಹಾಗಾದ್ರೆ ನಿಧಾನವಾಗೇ ಮಾಡಪ್ಪ. ಏನೂ ಅವಸರ ಇಲ್ಲ."

ಹೇಗೋ ಮುಗಿಯಿತು. ಒಂದು ಗೀರೂ ಇರಲಿಲ್ಲ. ಹಿರಿಯರು ಕೆನ್ನೆ ಸವರಿಕೊಂಡು ಬಹಳ ಹೊತ್ತು ಕನ್ನಡಿ ನೋಡುತ್ತಾ ಕೂತರು. ಆಮೇಲೆ ಬಾಗಿಲಾಚೆ ಹೋಗಿ ಯಾರಿಗೋ ಫೋನು ಮಾಡಿದರು. ಪೊಲೀಸರಿಗೇ ಎಂದು ಇವನಿಗೆ ಖಾತ್ರಿಯಾಯಿತು. ಊದಿದ ಕೆನ್ನೆಯ ಭಾವ ಹಿಂತಿರುಗಿದಾಗ, ಇವನು ಬೇಡಿ ತೊಡಿಸಲೆಂದು ಎರಡೂ ಕೈ ಜೋಡಿಸಿ ನಿಂತಿದ್ದ.

ಹಿರಿಯರು ಒಳಬಂದು ವಿಷಯ ತಿಳಿಸಿದರು. ಫೋನು ಹೋಗಿದ್ದು ಜೈಲಿನ ಅಧಿಕಾರಿಗೆ. ನಿವೃತ್ತರಾದ ಮೇಲೆ ಅವರು ಜೈಲು ಸುಧಾರಣಾ ಸಮಿತಿಯ ಅಧ್ಯಕ್ಷರು. ತಾವು ಒಳಗೆ ಕಳಿಸಿದವರಲ್ಲಿ ಹೀಗೆ ಉದ್ಧಾರವಾದವನನ್ನು ಕಂಡದ್ದು ಇದೇ ಮೊದಲಂತೆ. ಇಂಥ ಕೈ ಈ ಗಲ್ಲಿಯಲ್ಲಿ ಕೊಳೆಯಬಾರದು, ಸೋಮವಾರದಿಂದ ಜೈಲಿನಲ್ಲೇ ಕೈದಿಗಳಿಗೆ ಕ್ಷೌರದ ಮೇಷ್ಟರು, ಸರ್ಕಾರಿ ಕೆಲಸ, ವಾಸಕ್ಕೆ ಗೋಡೆಯೊಳಗೇ ಕೋಣೆ ಎಂದರು.

ಬೇಡ ಎನ್ನಲು ಇವನು ಬಾಯಿ ತೆರೆಯುವಷ್ಟರಲ್ಲಿ ಭಾವ ನೋವು ಮರೆತು ಅವರ ಕಾಲಿಗೆ ಬಿದ್ದಾಗಿತ್ತು.

ಸುದ್ದಿ ಕೇಳಿ ಓಡಿಬಂದ ಅಕ್ಕ ತಮ್ಮನ ತಲೆ ಸವರಿ ಕಣ್ಣೊರೆಸಿಕೊಂಡಳು.

"ಇನ್ನು ನಿಶ್ಚಿಂತೆ ಕಣೋ. ಅರವತ್ತು ತುಂಬೋವರೆಗೂ ನಿನ್ನನ್ನ ಯಾರೂ ಹೊರಗೆ ಕಳಿಸೋ ಹಾಗಿಲ್ಲ."