ಷಷ್ಟಿಪೂರ್ತಿಗೊಂದು ಫಿಲ್ಮ್ ರೀಲು

ಹೆಂಡತಿಯ ಫೋಟೋ ತೆಗೆಯುವುದು ಕಷ್ಟವಲ್ಲ. ತೆಗೆದದ್ದನ್ನು ಅವಳಿಗೆ ತೋರಿಸುವುದಿದೆಯಲ್ಲ, ಅದು ಕಷ್ಟ.

ಚಿಂತಾಮಣಿಯ ನಮ್ಮ ಮನೆಗೆ ಡಿಜಿಟಲ್ ಕ್ಯಾಮೆರಾ ಬಂದ ದಿನವೇ ನನಗೆ ಈ ಜ್ಞಾನೋದಯವಾಯಿತು. ಯೂಟ್ಯೂಬ್ ಗುರುಗಳ ಪದತಲದಲ್ಲಿ ಕುಳಿತು ಅಪರ್ಚರ್, ಶಟರ್, ಐಎಸ್‌ಒ ಎಂಬ ತ್ರಿಮೂರ್ತಿಗಳನ್ನು ಆರಾಧಿಸಿ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಲಮೇಲುವಿನ ಫೋಟೋ ತೆಗೆದೆ. ಮರುಕ್ಷಣವೇ ಅವಳು ಬಂದು ಕ್ಯಾಮೆರಾದ ಬೆನ್ನಿಗೆ ಕಣ್ಣು ಹಚ್ಚಿದಳು.

"ರೀ, ನನ್ನ ಮುಖ ಎಲ್ರೀ?"

"ಅದೇ ಕಣೇ, ಬೆಳ್ಳಗಿದೆಯಲ್ಲ, ಅದು."

"ಅದು ನಿಮ್ಮ ಪಂಚೆ!"

(ಬಿರುಬಿಸಿಲಿನಲ್ಲಿ ಐಎಸ್‌ಒ ವಿಪರೀತ ಏರಿಸಿಬಿಟ್ಟಿದ್ದೆ. ಮುಖಕ್ಕೂ ಪಂಚೆಗೂ ಅದ್ವೈತ ಸಿದ್ಧಿಸಿತ್ತು.)

ಹೀಗೆ ಕ್ಲಿಕ್ಕಿಗೊಂದು ಮಂಗಳಾರತಿ ನಡೆಯುತ್ತಿದ್ದಾಗ ನಮ್ಮ ಆಫೀಸಿನ ಭಾನುಪ್ರಕಾಶ್ ತಮ್ಮ ಹಳೆಯ ಫಿಲ್ಮ್ ಕ್ಯಾಮೆರಾ ತೋರಿಸಿದರು. ನೋಡುತ್ತೇನೆ, ಅದರ ಬೆನ್ನಿಗೆ ಪರದೆಯೇ ಇಲ್ಲ! ಒಳಗಿನ ರೀಲನ್ನು ಬೆಂಗಳೂರಿಗೆ ಕಳಿಸಿ ತೊಳೆಸಿ ತರುವ ತನಕ ಯಾವ ಹೆಂಡತಿಯೂ ತಪ್ಪು ಹುಡುಕುವಂತಿಲ್ಲ. ಸಂಸಾರಕ್ಕೆ ಇಷ್ಟು ಹಿತವಾದ ಯಂತ್ರವನ್ನು ಜನ ಅದು ಹೇಗೆ ಕೈಬಿಟ್ಟರೋ! ಕೇಳಿ ತಂದುಕೊಂಡೆ.

ಅಷ್ಟರಲ್ಲಿ ಶಿಡ್ಲಘಟ್ಟದಲ್ಲಿ ನನ್ನ ಮಾವ ವೆಂಕಟರವಣಪ್ಪನವರ ಷಷ್ಟಿಪೂರ್ತಿ ಬಂತು. ನನ್ನ ಅತ್ತೆ ಆದಿಲಕ್ಷ್ಮಮ್ಮನವರಿಗೆ ಒಂದೇ ಕೊರಗು. ದಿಬ್ಬೂರಹಳ್ಳಿಯಲ್ಲಿ ಅವರ ಮದುವೆಯಾದಾಗ ಯಾರೂ ಒಂದು ಫೋಟೋ ತೆಗೆದಿರಲಿಲ್ಲ. ಈಗಲಾದರೂ ಇಬ್ಬರೂ ಹಾರ ಹಾಕಿಕೊಂಡು ನಿಂತಿರುವ ಒಂದು ಫೋಟೋ ನಡುಮನೆಯ ಗೋಡೆಗೆ ಬೇಕು ಎಂದರು. ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ.

ಒಪ್ಪಿಕೊಂಡವನು ಸುಮ್ಮನಿರಬೇಕಿತ್ತು. "ಇವತ್ತು ಯಾರೂ ಮೊಬೈಲ್ ಎತ್ತೋ ಹಾಗಿಲ್ಲ, ನನ್ನ ಫ್ರೇಮಿಗೆ ಅಡ್ಡ ಬರುತ್ತೆ," ಎಂದು ಮಂಟಪದೆದುರು ರಾಜಾಜ್ಞೆ ಹೊರಡಿಸಿದೆ. ನಾದಿನಿ ಶ್ರೀವಲ್ಲಿ ಮುಖ ಊದಿಸಿಕೊಂಡು ಮೊಬೈಲನ್ನು ಬ್ಯಾಗಿಗೆ ಹಾಕಿದಳು. ಅಲಮೇಲು ಕಿವಿಯ ಹತ್ತಿರ ಬಂದು, "ರೀ, ಒಂದೆರಡು ಮೊಬೈಲಲ್ಲೂ ಇರ್ಲಿ ಬಿಡ್ರೀ," ಎಂದಳು. ಕಲಾವಿದ ಕೇಳಿಸಿಕೊಳ್ಳಲಿಲ್ಲ.

ಕಳಶದ ನೀರು ಹುಯ್ದದ್ದು, ಹಾರ ಬದಲಾಯಿಸಿದ್ದು, ಮಾವ ಎರಡನೇ ಸಲ ತಾಳಿ ಕಟ್ಟುವಾಗ ಅತ್ತೆ ಹುಡುಗಿಯಂತೆ ತಲೆ ತಗ್ಗಿಸಿದ್ದು ಎಲ್ಲವನ್ನೂ ಹಿಡಿದೆ. ನಿಜ ಹೇಳುತ್ತೇನೆ, ಆಗ ನನ್ನ ಕಣ್ಣೂ ಒದ್ದೆಯಾಗಿತ್ತು. ರೀಲು ಮುಗಿಯಿತು. ಹಿಂದಕ್ಕೆ ಸುತ್ತೋಣವೆಂದು ಹಿಡಿ ತಿರುಗಿಸಿದರೆ ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. (ಮೊದಲು ಕೆಳಗಿನ ಪುಟ್ಟ ಗುಂಡಿ ಒತ್ತಬೇಕಂತೆ. ಭಾನುಪ್ರಕಾಶ್ ಆ ಪಾಠ ಹೇಳುವ ಹೊತ್ತಿಗೆ ನಾನು ತೂಕಡಿಸಿದ್ದಿರಬೇಕು.)

"ಏನಾಯ್ತು ಅಳಿಯಂದ್ರೆ?" ಎಂದರು ಮಾವ.

ಫಿಲೇಚರ್ ಇಟ್ಟುಕೊಂಡು ಆಯುಷ್ಯವೆಲ್ಲ ರೇಷ್ಮೆಗೂಡಿನಿಂದ ನೂಲು ಬಿಚ್ಚಿದವರಿಗೆ ಅವರ ಭಾಷೆಯಲ್ಲೇ ಹೇಳೋಣವೆಂದು, "ಒಳಗೆ ಸುರುಳಿ ಇದೆ ಮಾವ. ಎಳೆ ಸಿಕ್ಕಿಹಾಕ್ಕೊಂಡಿದೆ," ಎಂದೆ.

ಎಳೆ ಎಂದದ್ದೇ ತಡ, ಅವರ ಬೆರಳುಗಳು ಚುರುಕಾದವು. "ಉಂಡಂಡಿ, ಉಂಡಂಡಿ," ಎಂದು ತೆಲುಗಿನಲ್ಲೇ ನನ್ನನ್ನು ತಡೆದರು. "ಅಷ್ಟೇ ತಾನೇ? ಇಲ್ಲಿ ಕೊಡಿ, ನೀವು ಊಟಕ್ಕೆ ಹೋಗಿ."

ಒಳಗಿನಿಂದ ಅಲಮೇಲು, "ರೀ, ಎಲೆ ಹಾಕಿದೆ ಬನ್ರೀ!" ಎಂದು ಕೂಗಿದಳು. ಒಬ್ಬಟ್ಟಿನ ಘಮಲು ಬೇರೆ. ಕ್ಯಾಮೆರಾ ಕೊಟ್ಟು ಹೋದೆ.

ಕೈ ತೊಳೆದು ಅಂಗಳಕ್ಕೆ ಬಂದಾಗ ಮಾವ ನಡುಹಗಲ ಬಿಸಿಲಿನಲ್ಲಿ, ಹಾರವನ್ನೂ ತೆಗೆಯದೆ ಕುರ್ಚಿಯಲ್ಲಿ ಕುಳಿತಿದ್ದರು. ಕ್ಯಾಮೆರಾದ ಬೆನ್ನು ಬಾಯಿ ತೆರೆದಿತ್ತು. ರೀಲನ್ನು ತುದಿಯಿಂದ ತುದಿಗೆ ಬಿಚ್ಚಿ, ಒಂದು ಗೀರೂ ಬೀಳದಂತೆ, ರೇಷ್ಮೆನೂಲು ಸುತ್ತಿಟ್ಟ ಹಾಗೆ ಅಂದವಾದ ಲಡಿ ಮಾಡಿಟ್ಟಿದ್ದರು.

"ನೋಡಿ, ಎಲ್ಲೂ ಕಟ್ಟಾಗಿಲ್ಲ. ಬಂಗಾರದಂಥ ಮಾಲು!"

ನಾನು ಅಲ್ಲೇ ಕುಸಿದು ಕೂತೆ. ಅತ್ತೆ ಆಸೆಯಿಂದ ಲಡಿಯನ್ನು ಸೂರ್ಯನಿಗೆ ಹಿಡಿದು, "ಇದರಲ್ಲಿ ನಾವೆಲ್ಲಿದೀವಿ ಅಳಿಯಂದ್ರೆ?" ಎಂದು ಕೇಳಿದರು.

"ಇದ್ರಿ ಅತ್ತೆ. ಬೆಳಕು ಬಿದ್ದು ಎಲ್ಲಾ ಹೋಯ್ತು."

"ಬೆಳಕಿಗೆ ಹಿಡೀಬಾರದು ಅಂತ ನಮ್ಮಪ್ಪಂಗೆ ಹೇಳಿದ್ರಾ?" ಅಲಮೇಲು ಸೊಂಟದ ಮೇಲೆ ಕೈಯಿಟ್ಟಳು.

"ಅದು... ಎಳೆ ಸಿಕ್ಕಿಹಾಕ್ಕೊಂಡಿದೆ ಅಂತ ಹೇಳಿದ್ದೆ."

ಅತ್ತೆಯ ಮುಖ ನೋಡುವ ಧೈರ್ಯವಾಗದೆ ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡೆ. ಆಗ ಅವರ ದನಿ ಕೇಳಿಸಿತು. "ಆವತ್ತೂ ಇಲ್ಲ, ಇವತ್ತೂ ಇಲ್ಲ! ನಮ್ಮಿಬ್ಬರ ಮದುವೆಗೆ ಫೋಟೋ ಆಗಿಬರಲ್ಲ ಕಣ್ರೀ!" ಎಂದು ಗಂಡನ ಭುಜ ಹಿಡಿದು ಅವರು ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವನೂ ಲಡಿ ಎತ್ತಿ ಹಿಡಿದು ನಗತೊಡಗಿದರು. ಶ್ರೀವಲ್ಲಿ ಬ್ಯಾಗಿನಿಂದ ಮೊಬೈಲ್ ತೆಗೆದು ಒಂದೇ ಒಂದು ಫೋಟೋ ಹೊಡೆದಳು. ಬೇಡವೆನ್ನುವ ಮುಖ ನನಗಿರಲಿಲ್ಲ.

ಈಗ ಶಿಡ್ಲಘಟ್ಟದ ನಡುಮನೆಯಲ್ಲಿ ಆ ಫೋಟೋ ದೊಡ್ಡ ಕಟ್ಟು ಹಾಕಿಸಿಕೊಂಡು ಕೂತಿದೆ. ಹಾರ ಹಾಕಿಕೊಂಡ ಅತ್ತೆ ಮಾವ ಅಷ್ಟು ಚೆನ್ನಾಗಿ ನಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಗೆ ಬಂದವರೆಲ್ಲ ಮೆಚ್ಚಿ ನೋಡಿ, ಆಮೇಲೆ ತಪ್ಪದೆ ಕೇಳುತ್ತಾರೆ: "ಕೆಳಗೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿರೋರು ಯಾರಮ್ಮ?"

"ಅವರಾ?" ಎನ್ನುತ್ತಾರೆ ಅತ್ತೆ ಅಭಿಮಾನದಿಂದ. "ನಮ್ಮ ಫೋಟೋಗ್ರಾಫರ್ರು."