ಬಿಸಿಲಿಗೆ ಇಡಬಾರದ ಕಲ್ಲು

ಇದನ್ನು ಬರೆಯಲು ಕೂತದ್ದು ಇದು ನಾಲ್ಕನೇ ಸಲ. ಮೊದಲು ಮಗಳಿಗೆ ನೀರು ಬೇಕಾಯಿತು, ಆಮೇಲೆ ಅವಳ ಗೊಂಬೆಗೂ ಬೇಕಾಯಿತು. ಅಂಗಡಿಯಲ್ಲೂ ಇದೇ ಪಾಡು. ನಾನು ಬಾಯಿ ತೆರೆದರೆ ಯಾರಾದರೂ ಅಡ್ಡ ಬರುತ್ತಾರೆ. ಉಡುಪಿಯ ಒಂದು ಚಿನ್ನದಂಗಡಿಯಲ್ಲಿ ಕಲ್ಲಿನ ಉಂಗುರಗಳ ಕೌಂಟರು ನನ್ನದು. ಅಲ್ಲಿ ಇಂಥದ್ದೊಂದು ನಡೆಯದ ವಾರವೇ ಇಲ್ಲ.

ಹೊಸ ಫ್ಯಾಷನ್

ಅಮೆಥಿಸ್ಟ್ ಎಂದರೆ ನೇರಳೆ ಹಣ್ಣಿನ ಬಣ್ಣದ ಕಲ್ಲು. ತಂದುಕೊಡುವ ವ್ಯಾಪಾರಿ ಪ್ರತಿ ಸಲ ಹೇಳುತ್ತಾನೆ, ‘ದಿನವಿಡೀ ಬಿಸಿಲಿಗೆ ಇಡಬೇಡಿ, ಬಣ್ಣ ಇಳಿಯುತ್ತದೆ.’ ನಮ್ಮ ಧಣಿ ಅದನ್ನು ಪಡುವಣ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲೇ ಇಟ್ಟರು. ಹೇಳಲು ಹೋದರೆ, ‘ಹತ್ತನೇ ಕ್ಲಾಸಿನವರು ನನಗೆ ಪಾಠ ಮಾಡುವುದು ಬೇಡ’ ಎಂದರು. ಮಳೆಗಾಲ ಬರುವಷ್ಟರಲ್ಲಿ ಮುಂದಿನ ಸಾಲಿನ ಕಲ್ಲುಗಳು ಅಕ್ಕಿ ತೊಳೆದ ನೀರಿನ ಹಾಗಾದವು. ಧಣಿ ತೆಗೆಯಲಿಲ್ಲ, ‘ಲೈಟ್ ಕಲರ್, ಹೊಸ ಫ್ಯಾಷನ್’ ಎಂದು ಚೀಟಿ ಅಂಟಿಸಿದರು. ಕೆಳಗೆ ಹಾಸಿದ ಕೆಂಪು ವೆಲ್ವೆಟ್ ಕೂಡ ಮಾಸಿತ್ತು. ಅದೂ ಹೊಸ ಫ್ಯಾಷನ್ ಇರಬೇಕು.

ನೀಲದ ತಮ್ಮ

ಕಾರ್ಕಳದಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದರು. ಶನಿಕಾಟಕ್ಕೆ ನೀಲ ಹಾಕಬೇಕು, ಆಗದಿದ್ದರೆ ಅಮೆಥಿಸ್ಟಾದರೂ ಆದೀತು ಎಂದು ಜೋಯಿಸರು ಹೇಳಿದ್ದರಂತೆ.

‘ಇದು ನೀಲವೇ ಅಲ್ವಾ?’

‘ಅಲ್ಲ ಸಾರ್, ಇದು ಬೇರೆಯೇ...’ ಎನ್ನುವಷ್ಟರಲ್ಲಿ ಧಣಿ ಬಂದರು. ‘ನೀಲದ ತಮ್ಮ ಎಂದು ತಿಳಿಯಿರಿ.’

ಮೇಷ್ಟ್ರು ಎದ್ದು ನಿಂತರು. ‘ಸ್ವಂತ ತಮ್ಮನ ಕಾಟ ತಡೆಯಲಾಗದೆ ಉಂಗುರ ಹುಡುಕುತ್ತಿದ್ದೇನೆ ಮಾರಾಯ್ರೆ. ಇನ್ನೊಬ್ಬ ತಮ್ಮ ಬೇಡ.’

ಕಿವಿರು

ಕಾಪುವಿನಲ್ಲಿ ಮೀನು ಮಾರುವ ಅಕ್ಕ ನನಗೆ ಹಳೆಯ ಪರಿಚಯ. ನಾನು ಬಾಣಂತಿಯಾಗಿದ್ದಾಗ ನನಗೆಂದೇ ಒಳ್ಳೆಯ ಮೀನು ತೆಗೆದಿಡುತ್ತಿದ್ದವರು. ಅವರಿಗೂ ಅದೇ ಕಲ್ಲು, ಹಿಂದಿನ ಸಾಲಿನ ಇನ್ನೂ ಬಣ್ಣವಿದ್ದದ್ದು, ಇಷ್ಟವಾಯಿತು. ದಿನವಿಡೀ ಬಿಸಿಲಲ್ಲಿ ಕೂರುವ ಹೆಂಗಸು. ‘ಅಕ್ಕ, ಬಿಸಿಲಿಗೆ...’ ಎಂದೆ. ‘ಒಳಗೆ ಫೋನು ಬರ್ತಾ ಉಂಟು, ಹೋಗು’ ಎಂದರು ಧಣಿ. ಹೋದೆ. ಫೋನೂ ಇಲ್ಲ, ಎಂತದೂ ಇಲ್ಲ. ಮೈ ಉರಿಯಿತು. ತಿರುಗಿ ಬಂದಾಗ ಉಂಗುರ ಅಕ್ಕನ ನಡುಬೆರಳಿಗೆ ಏರಿತ್ತು.

‘ಬಣ್ಣ ಹೋಗಲಿಕ್ಕಿಲ್ಲ ಅಲ್ವಾ ಮಗಾ? ನೀನು ಹೇಳಿದರೆ ಸಾಕು.’

ಧಣಿ ನನ್ನನ್ನೇ ನೋಡುತ್ತಿದ್ದರು. ಈ ಕೆಲಸ ಹೋದರೆ ಮಗಳ ಗತಿ ಎಂತ? ‘ಹೋಗಲಿಕ್ಕಿಲ್ಲ ಅಕ್ಕ’ ಎಂದುಬಿಟ್ಟೆ.

ಮುಂದಿನ ಬೇಸಿಗೆ ಮುಗಿಯುವಾಗ ಅಕ್ಕ ಬಂದರು. ಕಲ್ಲು ಬರೀ ಗಾಜಿನ ಹಾಗೆ ಕಾಣುತ್ತಿತ್ತು. ಈ ಸಲ ಒಳಗೆ ಫೋನು ಬಂದದ್ದು ಧಣಿಗೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಂಗುರ ತೆಗೆದು ಕೌಂಟರಿನ ಮೇಲಿಟ್ಟರು.

‘ನನ್ನ ಹತ್ತಿರ ಬಂಗುಡೆ ತಕ್ಕೊಳ್ಳುವಾಗ ಒಂದು ದಿನವಾದರೂ ನನ್ನ ಮಾತು ನಂಬಿದ್ದೀಯಾ? ಕಿವಿರು ಎತ್ತಿ, ಕೆಂಪು ಉಂಟಾ ನೋಡಿಯೇ ತಕ್ಕೊಳ್ಳುತ್ತೀ. ನಾನು ಬೇಡ ಎಂದದ್ದುಂಟಾ?’

‘ಇಲ್ಲ ಅಕ್ಕ.’

‘ಹಾಗಾದರೆ ಹೇಳು. ಇನ್ನು ಇಲ್ಲಿಗೆ ಬಂದರೆ ನಾನು ಯಾವುದರ ಕಿವಿರು ಎತ್ತಿ ನೋಡಬೇಕು ಮಗಾ, ಕಲ್ಲಿನದ್ದಾ, ನಿನ್ನದ್ದಾ?’